ಮೈಸೂರಿನಲ್ಲಿ ಸಮುದ್ರ ಮೀನಿನ ಅಂಗಡಿ ನಡೆಯುತ್ತದೆಯೇ?

ಮೈಸೂರಿನಲ್ಲಿ ಮಂಗಳೂರು ಮೀನಿನ ಅಂಗಡಿ ತೆರೆಯಬೇಕೆಂದಿದ್ದೀರಿ. ಕಡಲಿನಿಂದ ಸುಮಾರು 250 ಕಿ.ಮೀ. ದೂರಕ್ಕೆ ತಾಜಾ ಮೀನು ಬರುವುದು ಸುಳ್ಳು, ಇಲ್ಲಿನವರಿಗೆ ಕೆರೆಮೀನೇ ಸಾಕು ಎಂದು ಮನೆಯವರು ತಡೆಯುತ್ತಿದ್ದಾರೆ ಎಂದೂ ಬರೆದಿದ್ದೀರಿ. ನಾನು ಮಂಡ್ಯ ಜಿಲ್ಲೆಯವನು, ಮೈಸೂರಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದೇನೆ. ಧೈರ್ಯವಾಗಿ ತೆರೆಯಿರಿ. ಆದರೆ ದೂರದ ಚಿಂತೆ ಬಿಟ್ಟು ಐಸಿನ ಮತ್ತು ಪಂಚಾಂಗದ ಚಿಂತೆ ಮಾಡಿ.

ಮಂಗಳೂರಿನ ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಹರಾಜಾದ ಮೀನು ಸಂಜೆ ಲಾರಿ ಹತ್ತಿದರೆ ಮಡಿಕೇರಿ ದಾರಿಯಲ್ಲಿ ಬೆಳಗಾಗುವ ಮುನ್ನ ಮೈಸೂರು ಸೇರುತ್ತದೆ. ಆ ಒಂದು ರಾತ್ರಿಗಿಂತ ಮುಖ್ಯವಾದದ್ದು ಮೀನು ಬೋಟಿನಲ್ಲೇ ಎಷ್ಟು ದಿನ ಕಳೆದಿತ್ತು ಎಂಬುದು. ಬಲೆಯನ್ನು ಎಳೆದುಕೊಂಡು ಸಾಗುವ ಟ್ರಾಲ್ ಬೋಟು ಆಳಸಮುದ್ರಕ್ಕೆ ಹೋದರೆ ವಾರವೋ ಹತ್ತು ದಿನವೋ ಕಳೆದು ಮರಳುತ್ತದೆ. ಮೊದಲ ದಿನ ಬಲೆಗೆ ಬಿದ್ದ ಮೀನು ಮಲ್ಪೆ ಬಂದರಿನಲ್ಲಿ ಇಳಿಯುವಾಗಲೇ ಹಳೆಯದು. ಮೀನಿನ ಗುಂಪಿಗೆ ಸುತ್ತ ಬಲೆ ಹಾಕುವ ಪರ್ಸಿನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ಬರುತ್ತವೆ. ಬಂಗುಡೆ, ಭೂತಾಯಿ (ಮತ್ತಿ ಮೀನು) ಹೆಚ್ಚಾಗಿ ಅವುಗಳಲ್ಲಿ ಸಿಗುತ್ತವೆ. ಆದ್ದರಿಂದ ಏಜೆಂಟರ ಬಳಿ ದರಕ್ಕಿಂತ ಮೊದಲು ಯಾವ ಬೋಟಿನ ಮೀನು ಎಂದು ಕೇಳಿ. ಅಂದಿನ ಬಂಗುಡೆಯನ್ನು ಐಸಿನಲ್ಲಿ ಸರಿಯಾಗಿ ತುಂಬಿದ್ದರೆ, ಅದು ಮೈಸೂರಿನಲ್ಲೂ ಮಂಗಳೂರಿನಲ್ಲಿ ಸಿಗುವ ಎಷ್ಟೋ ಮೀನಿಗಿಂತ ತಾಜಾ ಆಗಿರುತ್ತದೆ.

ಐಸಿನಲ್ಲಿ ಜಿಪುಣತನ ಬೇಡವೇ ಬೇಡ. ನಮ್ಮ ಸೆಕೆಗೆ ಮೀನಿನ ತೂಕದಷ್ಟೇ ಐಸ್ ಬೇಕು. ಪದರ ಮೀನು, ಪದರ ಐಸ್, ಕರಗಿದ ನೀರು ಹರಿದುಹೋಗಲು ಕ್ರೇಟಿನ ತಳದಲ್ಲಿ ತೂತು. ಇದು ರುಚಿಯ ಪ್ರಶ್ನೆ ಮಾತ್ರವಲ್ಲ. ಬಂಗುಡೆ, ಭೂತಾಯಿ, ಕೇದರ (ಟ್ಯೂನಾ) ಮೀನುಗಳು ಬೆಚ್ಚಗೆ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ತಿಂದವರಿಗೆ ಮುಖ ಕೆಂಪೇರುತ್ತದೆ, ತುರಿಕೆ, ತಲೆನೋವು, ವಾಂತಿ ಬರುತ್ತವೆ. ಎಷ್ಟು ಕುದಿಸಿದರೂ, ಹುರಿದರೂ ಅದು ನಾಶವಾಗುವುದಿಲ್ಲ. ಆಮೇಲೆ ಐಸ್ ಹಾಕಿದರೂ ಪ್ರಯೋಜನವಿಲ್ಲ. ಬಿಸಿಲಲ್ಲಿ ಟಾರ್ಪಾಲಿನ ಮೇಲೆ ಬಂಗುಡೆ ಹರಡಿಟ್ಟು ನೀರು ಚಿಮುಕಿಸಿ ಮಾರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಆ ಮೀನು ಹೋಗುವುದು ಮಕ್ಕಳ ತಟ್ಟೆಗೆ.

ಇನ್ನು ಪಂಚಾಂಗ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತರುವ ಅಲ್ಪಸ್ವಲ್ಪ ಮೀನು ಕರಾವಳಿಯಲ್ಲೇ ಖರ್ಚಾಗುತ್ತದೆ. ಆದರೆ ತಮಿಳುನಾಡಿನ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಕಡಲು ಮುಚ್ಚಿರುವಾಗ ಆ ಕಡಲು ತೆರೆದುಕೊಳ್ಳುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಲ್ಲುವುದು ಜೂನ್ 9ರ ಮಧ್ಯರಾತ್ರಿಗೆ. ಹೀಗಾಗಿ ನಿಜವಾಗಿ ಕೈಕಟ್ಟುವುದು ಜೂನ್ ಮಧ್ಯದ ಕೆಲವೇ ದಿನ. ಈಗಿಂದಲೇ ಆ ಎರಡೂ ಕಡೆ ಒಬ್ಬೊಬ್ಬ ಏಜೆಂಟರನ್ನು ಪರಿಚಯ ಮಾಡಿಕೊಳ್ಳಿ.

ಕಷ್ಟ ಬರುವುದು ಆಗಸ್ಟಿನಲ್ಲಿ. ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಇಲ್ಲಿ ಶ್ರಾವಣ. ಮೈಸೂರು, ಮಂಡ್ಯಗಳಲ್ಲಿ ಆ ತಿಂಗಳು ಮಾಂಸ ಮೀನು ಮುಟ್ಟದ ಮನೆಗಳು ಬಹಳ. ಕರಾವಳಿಯವರು ಈ ಲೆಕ್ಕ ಹಾಕದೆ ಬಂದು ಅಂಗಡಿ ಮುಚ್ಚಿದ್ದನ್ನು ನೋಡಿದ್ದೇನೆ. ಜೂನ್‌ನಿಂದ ಆಗಸ್ಟ್‌ವರೆಗಿನ ಬಾಡಿಗೆ, ಸಂಬಳದ ಹಣ ಮೊದಲೇ ಕೈಯಲ್ಲಿರಲಿ. ಪಿತೃಪಕ್ಷಕ್ಕೆ ವ್ಯಾಪಾರ ಮತ್ತೆ ಕುದುರುತ್ತದೆ. ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವ ಜನ ನಾವು. ವಾರದಲ್ಲಿ ಭಾನುವಾರವೇ ದೊರೆ, ಸೋಮವಾರ ಮತ್ತು ಶನಿವಾರ ಮಂಕು.

ಕೆರೆಮೀನೇ ಸಾಕು ಎಂಬ ಮಾತಿಗೆ ಬರುತ್ತೇನೆ. ಕಟ್ಲಾ, ರೋಹು, ಜಿಲೇಬಿ ನಮ್ಮ ನಾಲಿಗೆಯ ಮೀನುಗಳು, ನಿಜ. ಆದರೆ ಹುಣಸೆಹುಳಿ ಮುಂದಾಗಿರುವ ನಮ್ಮ ಮೀನುಸಾರಿಗೆ ಬಂಗುಡೆ ಚೆನ್ನಾಗಿ ಒಗ್ಗುತ್ತದೆ. ರಾತ್ರಿ ಮಾಡಿದ ಬಂಗುಡೆ ಸಾರನ್ನು ಮರುದಿನ ಬಿಸಿ ಮುದ್ದೆಯ ಜೊತೆ ಉಂಡ ಗಿರಾಕಿಗಳು ಮುಂದಿನ ವಾರ ತಾವಾಗಿಯೇ ಬರುತ್ತಾರೆ. ಶುರುವಿನಲ್ಲಿ ಅಂಜಲ್, ಮಾಂಜಿಯಂಥ ದುಬಾರಿ ಮೀನಿಗೆ ಬಂಡವಾಳ ಸುರಿಯಬೇಡಿ. ಬಂಗುಡೆ, ಭೂತಾಯಿ, ಸಿಗಡಿ ಸಾಕು. ಜೊತೆಗೆ ಒಂದು ಕ್ರೇಟು ಕಟ್ಲಾ ಇಡಿ.

ಇಲ್ಲಿ ಎಲ್ಲರೂ ಮೀನನ್ನು ಸ್ವಚ್ಛ ಮಾಡಿಸಿಕೊಂಡೇ ಒಯ್ಯುತ್ತಾರೆ. ತಲೆ, ಹೊಟ್ಟೆ ತೆಗೆದರೆ ಬಂಗುಡೆಯ ತೂಕ ಮೂರನೇ ಒಂದರಷ್ಟು ಇಳಿಯುತ್ತದೆ. ದರ ಇಡೀ ಮೀನಿನ ತೂಕಕ್ಕೋ ಸ್ವಚ್ಛ ಮಾಡಿದ್ದಕ್ಕೋ ಎಂಬುದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಸಿ; ಜಗಳಗಳೆಲ್ಲ ಅಲ್ಲೇ ಹುಟ್ಟುತ್ತವೆ. ಕತ್ತರಿಸಲು ಕೈ ಪಳಗಿದ ಒಬ್ಬರು ಬೇಕು, ಅವರಿಗೆ ಒಳ್ಳೆಯ ಸಂಬಳ ಕೊಡಿ.

ಪಾಲಿಕೆಯ ಪರವಾನಗಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಮಾರಾಟ ಮಳಿಗೆಗೆ, ಐಸ್ ಪೆಟ್ಟಿಗೆಯಿರುವ ವಾಹನಕ್ಕೆ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60ರಷ್ಟು ನೆರವು ಇಟ್ಟಿದ್ದಾರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಈಗ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡು ಬನ್ನಿ.