ಹೊಲಿಗೆಯಂಗಡಿಗೆ ಎ.ಸಿ. ಬೇಕೆ?

ಪ್ರಶ್ನೆ: ಮಂಡ್ಯದ ಪೇಟೆಬೀದಿಯ ಬಳಿ ಆರು ವರ್ಷಗಳಿಂದ ರವಿಕೆ ಹೊಲಿಯುವ ಅಂಗಡಿ ನಡೆಸುತ್ತಿದ್ದೇನೆ. ಸಹಾಯಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೊಲಿಗೆ ಚೆನ್ನಾಗಿದೆ ಎಂದು ಹೇಳಿ ಹೋದವರೂ ಎರಡನೆಯ ಸಲ ಬರುತ್ತಿಲ್ಲ. ಎ.ಸಿ. ಹಾಕಿಸಿ, ಬಂದವರಿಗೆ ಸಣ್ಣ ಉಡುಗೊರೆ ಕೊಟ್ಟರೆ ನಮ್ಮ ಅಂಗಡಿಯನ್ನು ನೆನಪಿಟ್ಟುಕೊಳ್ಳುತ್ತಾರೆಯೇ?
– ಓದುಗರು, ಮಂಡ್ಯ

ಉತ್ತರ: ಎ.ಸಿ.ಯ ಹಣವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ. ಹೊಲಿಗೆಯಂಗಡಿಗಳ ಮೇಲೆ ಹೆಂಗಸರಿಗಿರುವ ಹಳೆಯ ದೂರು ‘ನಾಳೆ ಬನ್ನಿ’ ಎಂಬ ಮಾತಿನದು. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಕೊಟ್ಟ ರವಿಕೆ ಗೌರಿ ಹಬ್ಬದ ಹೊತ್ತಿಗೆ ಕೈಸೇರಿದರೆ, ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅವರು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದು ಅನುಮಾನ. ನಿಮ್ಮ ಪತ್ರದಲ್ಲಿ ಈ ವಿಷಯವಿಲ್ಲವಾದರೂ ಮೊದಲು ಇದನ್ನೇ ನೋಡಿಕೊಳ್ಳಿ. ಮೂವರೂ ಸೇರಿ ದಿನಕ್ಕೆ ಎಷ್ಟು ರವಿಕೆ ಮುಗಿಸುತ್ತೀರಿ ಎಂಬುದನ್ನು ಒಂದು ವಾರ ಬರೆದಿಟ್ಟು, ಹಬ್ಬದ ಮುಂದೆ ಆ ಲೆಕ್ಕ ಮೀರಿ ಬಟ್ಟೆ ತೆಗೆದುಕೊಳ್ಳಬೇಡಿ. ಆಗುವುದಿಲ್ಲವೆಂಬುದನ್ನು ಬಟ್ಟೆ ತಂದ ದಿನವೇ ಹೇಳಿಬಿಡಿ.

ಇನ್ನು ಅಳತೆ ಪುಸ್ತಕ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ತಾಯಿಗೆ ಹೊಲಿದುಕೊಡುತ್ತಿದ್ದ ದರ್ಜಿಯೊಬ್ಬರ ಪುಸ್ತಕದಲ್ಲಿ ಅಂಕಿಗಳ ಪಕ್ಕ ‘ಬಲ ಭುಜ ಸ್ವಲ್ಪ ಇಳಿದಿದೆ, ತೋಳು ಬಿಗಿ ಬೇಡ, ಕೊಕ್ಕೆ ಮುಂದೆ’ ಎಂದು ಬರೆದಿರುತ್ತಿತ್ತು. ಎರಡು ವರ್ಷ ಬಿಟ್ಟು ಹೋದರೂ ಅವರು ಪುಟ ತಿರುವಿ, ‘ತೋಳು ಹಾಗೇ ಇರಲಾ ಅಮ್ಮಾ?’ ಎಂದು ಕೇಳುತ್ತಿದ್ದರು. ಆ ಅಂಗಡಿಯಲ್ಲಿ ಕೂರುವುದಕ್ಕೆ ಒಂದು ಸ್ಟೂಲೂ ಇರಲಿಲ್ಲವೆಂಬುದನ್ನು ಎ.ಸಿ.ಯ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ.

ರೇಷ್ಮೆಯ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿದುಬಿಡುವುದರಿಂದ, ಮೊದಲು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವುದು ಒಳ್ಳೆಯದು. ಹತ್ತಿಯ ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿಸಿ, ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ರವಿಕೆ ಸುಕ್ಕುಗಟ್ಟುತ್ತದೆ. ಪಕ್ಕಗಳಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡಿ. ಬಿಗಿಯಾಯಿತೆಂದು ತಂದವರಿಂದ ಹಣ ಕೇಳದೆ, ಸಾಧ್ಯವಾದರೆ ಅವರು ಕುಳಿತಿರುವಾಗಲೇ ಬಿಚ್ಚಿ ಸರಿಮಾಡಿಕೊಡಿ. ನೀವು ಯೋಚಿಸಿರುವ ಉಡುಗೊರೆಯ ಖರ್ಚು ಇಲ್ಲಿಗೆ ಸಲ್ಲಲಿ.

ಬಟ್ಟೆ ತೆಗೆದುಕೊಂಡ ದಿನ, ಕೊಡುವ ದಿನ, ಮುಂಗಡ ಇವಿಷ್ಟನ್ನೂ ಬರೆದು ಚೀಟಿ ಕೊಡಿ, ಕೆಲಸ ಮುಗಿದ ಮೇಲೆ ರಸೀದಿಯನ್ನೂ ತಪ್ಪಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಸೀದಿ ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ.

ಆಷಾಢದಲ್ಲಿ ಮದುವೆಗಳಿಲ್ಲದೆ ಕೈ ಬಿಡುವಾದಾಗ ಅಳತೆ ಪುಸ್ತಕ ತೆರೆದು, ಒಮ್ಮೆ ಬಂದು ಮತ್ತೆ ಬಾರದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ಹೋದ ಸಲದ ರವಿಕೆ ಸರಿಯಾಗಿ ಕೂತಿತೇ ಎಂದು ವಿಚಾರಿಸಿ. ಹೊಸ ಕೆಲಸದ ಪ್ರಸ್ತಾಪ ಬೇಡ; ಎಲ್ಲಾದರೂ ಹಿಡಿಯುತ್ತಿದ್ದರೆ ತನ್ನಿ, ಸರಿಮಾಡಿಕೊಡುತ್ತೇನೆ ಎಂದಷ್ಟೇ ಹೇಳಿ.