ಹೆಡ್ ಬದಲಿಸಿದ ಮೇಲೆ ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ?

ಪ್ರಶ್ನೆ: ನಾನು ಅಮೆರಿಕದ ಒಹಾಯೊದಲ್ಲಿ ನೆಲೆಸಿರುವ ಕನ್ನಡಿಗ. ನನ್ನಲ್ಲಿ 1972ರ ಷೆವರ್ಲೆ ಪಿಕಪ್ ಇದೆ. ಅದರದ್ದು 350 ಘನ ಅಂಗುಲದ, ಎಂಟು ಸಿಲಿಂಡರುಗಳ ಎಂಜಿನ್. ಕಳೆದ ತಿಂಗಳು ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹಳೆಯ ಬೀಡುಕಬ್ಬಿಣದ ಹೆಡ್‌ಗಳನ್ನು ತೆಗೆದು, ಬೇರೊಬ್ಬ ತಯಾರಕರ ಅಲ್ಯೂಮಿನಿಯಂ ಹೆಡ್‌ಗಳನ್ನು ಮನೆಯ ಗ್ಯಾರೇಜಿನಲ್ಲಿ ನಾನೇ ಕೂರಿಸಿದೆ. ಹೆಡ್ಡಿಗೂ ಎಂಜಿನ್ನಿನ ಮುಖ್ಯ ಭಾಗವಾದ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ಟೂ ಬೋಲ್ಟುಗಳೂ ಹೊಸವು. ಈಗ ನೂರು ಮೈಲಿಗೆ ಸುಮಾರು ಒಂದು ಲೀಟರ್ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಗಾಡಿ ನಿಲ್ಲಿಸಿದಾಗ ಸಿಹಿಯಾದ ವಾಸನೆ ಬರುತ್ತದೆ. ಎಡಗಡೆಯ ಒಂದು ಸ್ಪಾರ್ಕ್ ಪ್ಲಗ್ಗಿನ ಪಕ್ಕದ ಬೋಲ್ಟಿನ ಸುತ್ತ ಬಿಳಿ-ಹಸಿರು ಪುಡಿ ಕಟ್ಟಿದೆ. ಆಯಿಲ್ ಶುದ್ಧವಾಗಿದೆ. ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ನೋಡಿದರೂ ಪ್ರಯೋಜನವಾಗಲಿಲ್ಲ. ಹೆಡ್ಡೇ ಸೀಳಿರಬಹುದೆಂದು ಒಬ್ಬರು, ಸೋರಿಕೆ ಮುಚ್ಚುವ ದ್ರಾವಣ ಸುರಿದುಬಿಡಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಹೆಡ್ಡನ್ನು ಈಗಲೇ ಬಿಚ್ಚಬೇಡಿ, ದ್ರಾವಣವನ್ನೂ ಸುರಿಯಬೇಡಿ. ನೀವು ಬರೆದಿರುವ ಆ ಬಿಳಿ-ಹಸಿರು ಪುಡಿಯೇ ಮುಖ್ಯವಾದ ಸುಳಿವು. ಬೋಲ್ಟಿನ ತಲೆಯ ಕೆಳಗಿನಿಂದ ಜಿನುಗಿದ ಕೂಲೆಂಟ್ ಬಿಸಿಗೆ ಒಣಗಿ ಉಳಿಸಿದ ಗುರುತು ಅದು. ಸ್ಪಾರ್ಕ್ ಪ್ಲಗ್ಗುಗಳ ಪಕ್ಕದಲ್ಲೇ ಎಕ್ಸಾಸ್ಟ್ ಕೊಳವೆ ಇರುವುದರಿಂದ ಹನಿ ನೆಲಕ್ಕೆ ಬೀಳುವ ಮೊದಲೇ ಆವಿಯಾಗುತ್ತದೆ, ಸಿಹಿ ವಾಸನೆ ಮಾತ್ರ ಉಳಿಯುತ್ತದೆ.

1955ರಲ್ಲಿ ಬಂದ ಷೆವರ್ಲೆಯ ಈ ‘ಸ್ಮಾಲ್ ಬ್ಲಾಕ್’ ಎಂಜಿನ್ನುಗಳ ವಂಶದಲ್ಲಿ ಒಂದು ವಿಶೇಷವಿದೆ. ಒಂದೊಂದು ಹೆಡ್ಡಿಗೆ 17 ಬೋಲ್ಟುಗಳು. ಅವು ಕೂರುವ ರಂಧ್ರಗಳು ಬ್ಲಾಕಿನ ಒಳಗೆ ಮುಚ್ಚಿಕೊಳ್ಳದೆ ನೇರವಾಗಿ ನೀರು ಹರಿಯುವ ಜಾಕೆಟ್ಟಿಗೆ ತೆರೆದುಕೊಳ್ಳುತ್ತವೆ. ಎಂದರೆ ಬೋಲ್ಟಿನ ತುದಿ ಕೂಲೆಂಟಿನಲ್ಲಿ ಮುಳುಗಿ ನಿಂತಿರುತ್ತದೆ. ಥ್ರೆಡ್ಡಿಗೆ ಸೀಲೆಂಟ್ ಹಚ್ಚದಿದ್ದರೆ, ಅಥವಾ ತುದಿಯ ಒಂದೆರಡು ಸುತ್ತುಗಳಿಗೆ ಮಾತ್ರ ಹಚ್ಚಿದ್ದರೆ, ಒತ್ತಡಕ್ಕೆ ಸಿಕ್ಕ ಕೂಲೆಂಟ್ ಥ್ರೆಡ್ಡಿನ ಸುರುಳಿಯನ್ನೇ ಏಣಿ ಮಾಡಿಕೊಂಡು ಮೇಲೇರುತ್ತದೆ. ಇಲ್ಲಿ ಗ್ಯಾಸ್ಕೆಟ್ಟಿನ ತಪ್ಪೇನೂ ಇರುವುದಿಲ್ಲ. ಬೋಲ್ಟನ್ನು ಎಷ್ಟು ಬಿಗಿ ಮಾಡಿದರೂ ಈ ದಾರಿ ಮುಚ್ಚುವುದಿಲ್ಲ. ನಿಮ್ಮ ಎರಡನೆಯ ಪ್ರಯತ್ನ ಫಲಿಸದೆ ಹೋದದ್ದಕ್ಕೆ ಕಾರಣ ಅದೇ. ನಿಮಗೆ ಸಿಕ್ಕ ಹೊಸ ಬೋಲ್ಟುಗಳಿಗೆ ಕಾರ್ಖಾನೆಯಲ್ಲೇ ಸೀಲೆಂಟ್ ಲೇಪಿಸಿತ್ತೇ ಅಥವಾ ಬರಿಯ ಎಣ್ಣೆ ಸವರಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ.

ಹೊರಗಿನ ಸಾಲಿನ ಬೋಲ್ಟುಗಳು ಸೋರಿದರೆ ಹೀಗೆ ಪ್ಲಗ್ಗುಗಳ ಬಳಿ ಗುರುತು ಕಾಣುತ್ತದೆ. ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಒಳಗಿರುವ ಬೋಲ್ಟುಗಳು ಸೋರಿದರೆ ಹೊರಗೆ ಏನೂ ತಿಳಿಯದು. ಕೂಲೆಂಟ್ ಸದ್ದಿಲ್ಲದೆ ಆಯಿಲಿಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಆದ್ದರಿಂದ ಆಯಿಲ್ ಕಡ್ಡಿಯೊಂದನ್ನೇ ನಂಬದೆ ಎರಡೂ ಟ್ಯಾಪೆಟ್ ಕವರುಗಳನ್ನು ತೆಗೆದು, ಒಳಗಿನ ಬೋಲ್ಟ್ ತಲೆಗಳ ಸುತ್ತ ಮಜ್ಜಿಗೆಯಂಥ ನೊರೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಆದರೆ ಒಂದು ಗುರುತನ್ನು ಕಂಡ ಮಾತ್ರಕ್ಕೆ ಅದೊಂದೇ ಸೋರಿಕೆ ಎಂದು ತೀರ್ಮಾನಿಸುವುದು ಸರಿಯಲ್ಲ. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೂರುವ ಕೈಪಂಪಿನ ಒತ್ತಡ ಪರೀಕ್ಷಕವನ್ನು ತಂದುಕೊಳ್ಳಿ. ನಿಮ್ಮಲ್ಲಿ ಬಿಡಿಭಾಗಗಳ ಅಂಗಡಿಗಳು ಅದನ್ನು ಎರವಲಾಗಿಯೂ ಕೊಡುತ್ತವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡವನ್ನು, ಸಾಮಾನ್ಯವಾಗಿ 15 ಪಿಎಸ್‌ಐ, ತುಂಬಿ ಅರ್ಧ ಗಂಟೆ ಬಿಡಿ. ತಣ್ಣಗಿರುವಾಗಲೇ ಮಾಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಬಿಸಿ ಎಂಜಿನ್ನಿನಲ್ಲಿ ಹನಿ ಮೂಡುವ ಮೊದಲೇ ಆರಿಹೋಗುತ್ತದೆ, ತಣ್ಣನೆಯ ಎಂಜಿನ್ನಿನಲ್ಲಿ ಅದು ಮೂಡಿದ ಜಾಗದಲ್ಲೇ ದುಂಡಗೆ ನಿಲ್ಲುತ್ತದೆ. ಮೊದಲು ಹಳೆಯ ಪುಡಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿರಬೇಕು.

ಆಗ ನೋಡಬೇಕಾದ ಜಾಗಗಳು ಬೋಲ್ಟುಗಳಷ್ಟೇ ಅಲ್ಲ. ಈ ಎಂಜಿನ್ನಿನ ಹೆಡ್‌ಗಳನ್ನು ಎಡಕ್ಕೂ ಬಲಕ್ಕೂ ಕೂರಿಸಬಹುದಾದ್ದರಿಂದ ಉಷ್ಣತೆ ತಿಳಿಸುವ ಸೆನ್ಸರಿನ ರಂಧ್ರ ಎರಡರಲ್ಲೂ ಇರುತ್ತದೆ. ಬಳಸದ ರಂಧ್ರಕ್ಕೆ ಹಾಕುವ ಮುಚ್ಚುಪ್ಲಗ್ ಹೊಸ ಹೆಡ್‌ಗಳಲ್ಲಿ ಸಡಿಲವಾಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಅದೂ ಎಕ್ಸಾಸ್ಟಿನ ಪಕ್ಕದಲ್ಲೇ ಇರುವುದರಿಂದ ಗುರುತು ಒಂದೇ ತೆರನಾಗಿ ಕಾಣುತ್ತದೆ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನ ನಾಲ್ಕು ಮೂಲೆಗಳಲ್ಲಿ ಹೆಡ್ಡಿನ ನೀರಿನ ದಾರಿಗಳು ಬಂದು ಸೇರುತ್ತವೆ. ಹಿಂದಿನ ಮೂಲೆ ಸೋರಿದರೆ ನೀರು ಎಂಜಿನ್ನಿನ ಬೆನ್ನಿನಿಂದ ಗೇರ್‌ಬಾಕ್ಸಿನ ಕಡೆಗೆ ಇಳಿಯುತ್ತದೆ. ಒಳಕ್ಕೆ ಸೋರಿದರೆ ಆಯಿಲಿಗೆ ಬೀಳುತ್ತದೆ. ಹೊಸ ಹೆಡ್ಡಿನ ಎತ್ತರ ಹಳೆಯದಕ್ಕಿಂತ ಭಿನ್ನವಾಗಿದ್ದರೆ ಮ್ಯಾನಿಫೋಲ್ಡ್ ಸಮನಾಗಿ ಕೂರುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಒತ್ತಡದ ಮುಳ್ಳು ಇಳಿಯುತ್ತಿದ್ದು ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ ಮಾತ್ರ ಒಳಸೋರಿಕೆಯನ್ನು ಶಂಕಿಸಿ. ಎಂಟೂ ಪ್ಲಗ್ಗುಗಳನ್ನು ಬಿಚ್ಚಿ ನೋಡಿ. ಕೂಲೆಂಟ್ ಇಳಿಯುತ್ತಿರುವ ಸಿಲಿಂಡರಿನ ಪ್ಲಗ್ ಆವಿಯಲ್ಲಿ ತೊಳೆದಂತೆ ಬೆಳ್ಳಗಿರುತ್ತದೆ. ರೇಡಿಯೇಟರಿನ ಬಾಯಿಗೆ ಇಟ್ಟು ನೋಡುವ ನೀಲಿ ದ್ರವದ ಪರೀಕ್ಷೆಯಲ್ಲಿ ದ್ರವ ಹಳದಿಯಾದರೆ ಉರಿದ ಅನಿಲ ನೀರಿಗೆ ಸೇರುತ್ತಿದೆ ಎಂದೇ ಅರ್ಥ. ಆಗ ಹೆಡ್ ಬಿಚ್ಚುವುದು ಅನಿವಾರ್ಯ.

ನಿಮ್ಮದು ಬೋಲ್ಟಿನ ಸೋರಿಕೆಯೇ ಎಂದು ಖಚಿತವಾದರೆ ದುರಸ್ತಿ ಹೀಗೆ. ರೇಡಿಯೇಟರನ್ನು ಖಾಲಿ ಮಾಡಿದರೆ ಸಾಲದು; ಬ್ಲಾಕಿನ ಎರಡೂ ಪಕ್ಕಗಳಲ್ಲಿ, ಆಯಿಲ್ ಪ್ಯಾನಿನ ಸ್ವಲ್ಪ ಮೇಲಿರುವ ಡ್ರೈನ್ ಪ್ಲಗ್ಗುಗಳನ್ನೂ ತೆಗೆಯಬೇಕು. ಇಳಿದ ಕೂಲೆಂಟನ್ನು ತೆರೆದ ಬಾಂಡ್ಲಿಯಲ್ಲಿ ಬಿಡಬೇಡಿ, ಅದರ ಸಿಹಿಗೆ ನಾಯಿ-ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಬಳಿಕ ತಣ್ಣನೆಯ ಎಂಜಿನ್ನಿನಲ್ಲಿ ಒಂದು ಸಲಕ್ಕೆ ಒಂದೇ ಬೋಲ್ಟನ್ನು ಹೊರತೆಗೆಯಿರಿ. ನಾನು ಹೀಗೆ ತೆಗೆದ ಒಂದು ಬೋಲ್ಟಿನ ಕೆಳತುದಿಯಲ್ಲಿ ಎರಡು ಸುತ್ತಿನಷ್ಟು ಬಿಳಿ ಸೀಲೆಂಟ್ ಅಂಟಿತ್ತು. ಅದರ ಮೇಲಿನ ಥ್ರೆಡ್ಡುಗಳು ಕಂದು ತುಕ್ಕಿನಿಂದ ತೇವವಾಗಿದ್ದವು, ನೀರು ಏರಿದ ದಾರಿಯನ್ನು ಬೆರಳಿನಿಂದ ತೋರಿಸಬಹುದಿತ್ತು. ಬೋಲ್ಟನ್ನೂ ರಂಧ್ರವನ್ನೂ ಬ್ರೇಕ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಿಸಿ, ಟೆಫ್ಲಾನ್ ಇರುವ ಥ್ರೆಡ್ ಸೀಲೆಂಟನ್ನು ಬೋಲ್ಟು ಬ್ಲಾಕಿನಲ್ಲಿ ಕಚ್ಚಿಕೊಳ್ಳುವ ಎಲ್ಲ ಸುತ್ತುಗಳಿಗೂ ಹಚ್ಚಿ, ತಲೆಯ ಕೆಳಗೆ ಗಟ್ಟಿ ವಾಷರ್ ಇದೆಯೆಂದು ನೋಡಿ ಮತ್ತೆ ಕೂರಿಸಿ. ಮೂಲ ಬೀಡಿನ ಹೆಡ್ಡಿಗೆ ಹೇಳಿದ ಟಾರ್ಕ್ 65 ಪೌಂಡ್-ಅಡಿ, ಎಂದರೆ ಸುಮಾರು 88 ನ್ಯೂಟನ್ ಮೀಟರ್. ಆದರೆ ನಿಮ್ಮ ಹೆಡ್ ಮತ್ತು ಬೋಲ್ಟಿನ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಸೋರಿದ ಒಂದನ್ನಷ್ಟೇ ಸರಿಪಡಿಸಿ ಬಿಡಬೇಡಿ. ಅದಕ್ಕೆ ಸೀಲೆಂಟ್ ಸಾಲದಿದ್ದರೆ ಉಳಿದ 33ಕ್ಕೂ ಸಾಲದಿರುವ ಸಾಧ್ಯತೆಯೇ ಹೆಚ್ಚು.

ಹೆಡ್ ಸೀಳಿದೆ ಎಂಬ ಮಾತು ಅಸಾಧ್ಯವೇನಲ್ಲ, ಎರಕದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದುಂಟು. ಆದರೆ ಅದು ಪಟ್ಟಿಯ ಕೊನೆಯಲ್ಲಿರಬೇಕಾದ ಅನುಮಾನ.

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಜೀಪಿಗೆ ದಾವಣಗೆರೆಯಲ್ಲಿ ಹೊಸ ಹೆಡ್ ಹಾಕಿಸಿದೆವು. ಎಂಜಿನ್ ಶುರು ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತವೆ. ಇದು ಗಾಳಿ ಸಿಕ್ಕಿಕೊಂಡದ್ದೇ?

ಉತ್ತರ: ನೀರು ಹೊಸದಾಗಿ ತುಂಬಿದ ಮೊದಲ ಒಂದೆರಡು ದಿನ ಗುಳ್ಳೆ ಬಂದು ನಿಂತುಹೋದರೆ ಅದು ಸಿಕ್ಕಿಕೊಂಡಿದ್ದ ಗಾಳಿ; ಮಟ್ಟ ಇಳಿದಷ್ಟನ್ನು ತುಂಬಿದರೆ ಸಾಕು. ವಾರ ಕಳೆದರೂ ಗುಳ್ಳೆ ನಿಲ್ಲದೆ, ಬೆಳಿಗ್ಗೆ ತಣ್ಣನೆಯ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕೈಗೆ ಕಲ್ಲಿನಂತೆ ಗಟ್ಟಿಯಾಗುತ್ತಿದ್ದರೆ, ಉರಿದ ಅನಿಲ ನೀರಿಗೆ ನುಗ್ಗುತ್ತಿದೆ ಎಂದು ತಿಳಿಯಿರಿ. ಆ ಸ್ಥಿತಿಯಲ್ಲಿ ಓಡಿಸಬೇಡಿ. ಹೆಡ್ ಬಿಚ್ಚಿದಾಗ ಹೊಸ ಹೆಡ್ಡಿನ ಮುಖವನ್ನು ಮಾತ್ರವಲ್ಲ, ಹಳೆಯ ಬ್ಲಾಕಿನ ಮುಖವನ್ನೂ ನೇರಪಟ್ಟಿ ಮತ್ತು ಸಣ್ಣ ಸಂದಿ ಅಳೆಯುವ ಫೀಲರ್ ಗೇಜಿನಿಂದ ಉದ್ದಕ್ಕೂ ಕರ್ಣಕ್ಕೂ ಅಳೆಸಿ. ಹೆಡ್ ಹೊಸದಾದ್ದರಿಂದ ಮೆಕ್ಯಾನಿಕ್ ಬ್ಲಾಕಿನ ಕಡೆ ನೋಡದೆ ಇರುವುದೇ ಹೆಚ್ಚು. ಹಿಂದೊಮ್ಮೆ ಎಂಜಿನ್ ಕಾದು ನಿಂತಿದ್ದರೆ ಬ್ಲಾಕೂ ಸೊಟ್ಟಗಾಗಿರಬಹುದು. ಅಳತೆ ಕೈಪಿಡಿಯ ಮಿತಿಯನ್ನು ಮೀರಿದ್ದರೆ ಬ್ಲಾಕಿಗೂ ಫೇಸಿಂಗ್, ಎಂದರೆ ಮುಖವನ್ನು ಸಮತಟ್ಟಾಗಿಸುವ ಕೆಲಸ, ಮಾಡಿಸಿದ ನಂತರವೇ ಮತ್ತೊಂದು ಗ್ಯಾಸ್ಕೆಟ್ಟಿಗೆ ಹಣ ಹಾಕಿ.