ಹಳೆಯ ಹಾಡುಗಾರ ಕೌಬಾಯ್ ಚಿತ್ರಗಳಲ್ಲಿ ಕಪ್ಪು ನಾಯಕರು ಏಕೆ ಕಾಣುವುದಿಲ್ಲ?

ಕಪ್ಪು ನಾಯಕರಿದ್ದರು, ಆದರೆ ಅವರ ಚಿತ್ರಗಳು ಓಡಿದ್ದು ಬೇರೆಯೇ ಟಾಕೀಸುಗಳಲ್ಲಿ. 1930ರ ದಶಕದ ಅಮೆರಿಕದಲ್ಲಿ, ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ, ಕಪ್ಪು ಜನರು ಪ್ರತ್ಯೇಕ ಚಿತ್ರಮಂದಿರಕ್ಕೆ ಹೋಗಬೇಕಿತ್ತು, ಇಲ್ಲವೇ ಬಾಲ್ಕನಿಯಲ್ಲಿ ಕೂರಬೇಕಿತ್ತು. ಜೀನ್ ಆಟ್ರಿಯಂಥ ಬಿಳಿಯ ತಾರೆಯರ ಚಿತ್ರಗಳಲ್ಲಿ ಕಪ್ಪು ನಟರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಆಳಿನ, ಅಡುಗೆಯವನ, ನಗಿಸುವವನ ಪಾತ್ರ.

ಈ ಪ್ರತ್ಯೇಕ ಟಾಕೀಸುಗಳಿಗೆಂದೇ ಕಪ್ಪು ಕಲಾವಿದರನ್ನಿಟ್ಟು ಕಡಿಮೆ ಖರ್ಚಿನಲ್ಲಿ ತೆಗೆದ ಚಿತ್ರಗಳೇ 'ರೇಸ್ ಫಿಲ್ಮ್'ಗಳು (ಇಲ್ಲಿ 'ರೇಸ್' ಎಂದರೆ ಜನಾಂಗ). ಜಾಝ್ ಗಾಯಕ ಹರ್ಬ್ ಜೆಫ್ರಿಸ್ 1937ರ 'ಹಾರ್ಲೆಮ್ ಆನ್ ದ ಪ್ರೇರಿ'ಯಲ್ಲಿ ಕುದುರೆಯೇರಿ ಹಾಡುವ ನಾಯಕನಾದರು. 1939ರ 'ದ ಬ್ರಾಂಝ್ ಬಕರೂ' ಸೇರಿ ಇನ್ನೂ ಮೂರು ಚಿತ್ರಗಳು ಬಂದವು. ಒಂದೊಂದೂ ಸುಮಾರು ಒಂದು ತಾಸಿನದು. ಬಿಳಿಯರ ಟಾಕೀಸುಗಳಿಗೆ ಹೆಚ್ಚಾಗಿ ತಲುಪದ ಕಾರಣ ಇವು ಬಹುಪಾಲು ಪ್ರೇಕ್ಷಕರ ನೆನಪಿನಲ್ಲಿ ಉಳಿಯಲೇ ಇಲ್ಲ.

ನಿಜಕ್ಕೂ ಬೇಸರದ ಸಂಗತಿಯೆಂದರೆ, ದನಗಳ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಅಸಲಿ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ವರ್ಣದವನಿದ್ದನೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಹಗ್ಗ ಬೀಸಿ ದನ ಹಿಡಿಯುವ ವಿದ್ಯೆಯಂತೂ ಮೆಕ್ಸಿಕೋದ ವಕೇರೊಗಳಿಂದ, ಅಂದರೆ ಅಲ್ಲಿನ ದನಗಾಹಿಗಳಿಂದ ಬಂದದ್ದು. 'ಲಾಸೊ' (ಆ ಕುಣಿಕೆಯ ಹಗ್ಗ), 'ರೋಡಿಯೊ' (ಕೌಬಾಯ್‌ಗಳ ಕಸರತ್ತಿನ ಪಂದ್ಯ) ಎಂಬ ಪದಗಳೂ ಸ್ಪ್ಯಾನಿಷ್ ಮೂಲದವೇ.